ನಲವತ್ತೇಳಕ್ಕೆ ಸೈಕಲ್ ಕಲಿತೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರೆಲ್ಲ ಈ ಶಾಲೆಯಿಂದ ಹೊರಟು ಬಹಳ ದೂರ ಹೋದವರು. ನಾನು ಹೋದದ್ದು ಹೆಚ್ಚೆಂದರೆ ತೀರ್ಥಹಳ್ಳಿ, ಸಾಗರ. ತಿರುಗಿ ಬಂದದ್ದು ಹೊಸನಗರಕ್ಕೆ. ಮೂರು ತಾಲ್ಲೂಕಿನ ನೀರು ಕುಡಿದ ಪ್ರಾಥಮಿಕ ಶಾಲೆ ಟೀಚರು ನಾನು. ಸಮಿತಿಯವರು ಮನೆಗೆ ಬಂದು ಮಾತಾಡಬೇಕು ಅಂದಾಗ, ನಾನೇನು ಸಾಧನೆ ಮಾಡಿದ್ದೇನೆ ಮಾರಾಯರೇ ಅಂದೆ. "ಅದೇ ಟೀಚರೇ, ಸೈಕಲ್ ಹೊಡೆದು ತೆಳ್ಳಗಾದ ಕಥೆ ಹೇಳಿ, ಎಲ್ಲರೂ ಕೇಳ್ತಿದಾರೆ" ಅಂದರು. ಹಾಗಾಗಿ ಅದನ್ನೇ ಹೇಳುತ್ತೇನೆ. ಕಥೆ ಶುರುವಾಗುವುದು ಮಾತ್ರ ತೂಕದಿಂದ ಅಲ್ಲ, ಇದೇ ಶಾಲೆಯಿಂದ.

ನಾನು ಎಂಟನೇ ತರಗತಿಗೆ ಇಲ್ಲಿ ಸೇರಿದ್ದು 1984ರಲ್ಲಿ. ಮನೆಯಿಂದ ಶಾಲೆಗೆ ಐದು ಕಿಲೋಮೀಟರ್. ಗುಡ್ಡ ಹತ್ತಿ ಇಳಿದು, ಸಂಕ ದಾಟಿ, ಗದ್ದೆಯಂಚಿನ ಮೇಲೆ ನಡೆದು ಬರಬೇಕು. ಮಳೆಗಾಲದಲ್ಲಿ ತರಗತಿಗೆ ಬಂದು ಮೊದಲು ಮಾಡುವ ಕೆಲಸ ಪುಸ್ತಕ ತೆಗೆಯುವುದಲ್ಲ, ಕಾಲಿಗೆ ಹತ್ತಿದ ಇಂಬಳ ಕೀಳುವುದು. ನಮ್ಮ ಕಡೆಯಿಂದ ನಡೆದು ಬರುತ್ತಿದ್ದವರು ನಾವು ಮೂವರು ಹುಡುಗಿಯರು. ಅದೇ ಕಡೆಯ ಗಂಡುಹುಡುಗರು ರಸ್ತೆ ಸುತ್ತಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಕಾಲು ನಿಲುಕದವರು ಬಾರಿನ ಕೆಳಗೆ ಕಾಲು ತೂರಿಸಿ ಪೆಡಲು ತುಳಿಯುತ್ತಿದ್ದರು. ಒಬ್ಬ ಹೊಡೆಯುವುದು, ಒಬ್ಬ ಹಿಂದೆ ಕ್ಯಾರಿಯರಿನಲ್ಲಿ, ಒಬ್ಬ ಮುಂದೆ ಬಾರಿನ ಮೇಲೆ. ಒಂದು ಸೈಕಲ್ಲು ಮೂರು ಜನರನ್ನು ಎಸ್ಸೆಸ್ಸೆಲ್ಸಿ ದಾಟಿಸಿತು ಅಂದರೆ ಸುಳ್ಳಲ್ಲ.

ನಮಗೂ ಆಸೆ ಇತ್ತು. ಒಂಬತ್ತನೇ ತರಗತಿಯಲ್ಲಿರುವಾಗ ಒಂದು ಸಂಜೆ, ಶಾಲೆಯ ಹಿಂದೆ ನಿಲ್ಲಿಸಿದ್ದ ಒಂದು ಸೈಕಲ್ಲನ್ನು ಮೆಲ್ಲಗೆ ಸ್ಟ್ಯಾಂಡಿನಿಂದ ಇಳಿಸಿದೆ. ಹತ್ತು ಹೆಜ್ಜೆ ತಳ್ಳಿದ್ದೆ ಅಷ್ಟೇ. ಮೇಷ್ಟ್ರೊಬ್ಬರು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ನಕ್ಕು, "ಹೆಣ್ಣುಮಕ್ಕಳಿಗೆ ಯಾಕಮ್ಮ ಅದು, ಬಿದ್ದು ಕೈಕಾಲು ಮುರ್ಕಂಡ್ರೆ ನಾಳೆ ಕೊಡೋದು ಹ್ಯಾಗೆ" ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆ ಕಾಲದಲ್ಲಿ ನನ್ನ ಅಪ್ಪನೂ ಅದನ್ನೇ ಹೇಳುತ್ತಿದ್ದರು. ಆದರೆ ಆ ಮಾತು ಮೂವತ್ತೆರಡು ವರ್ಷ ನನ್ನ ಕಾಲು ಹಿಡಿದು ನಿಲ್ಲಿಸಿತು.

ಮೂವರಲ್ಲಿ ಒಬ್ಬಳು ಒಂಬತ್ತರ ಮಳೆಗಾಲದಲ್ಲಿ ಸಂಕ ಕೊಚ್ಚಿಹೋದ ಮೇಲೆ ಬರಲಿಲ್ಲ. ಇನ್ನೊಬ್ಬಳು ನಮ್ಮ ಕೆಳಮನೆಯ ಗೆಳತಿ. ಲೆಕ್ಕದಲ್ಲಿ ನನಗಿಂತ ಚುರುಕು. ಹತ್ತನೇ ತರಗತಿಯ ಅರ್ಧದಲ್ಲಿ, ಒಬ್ಬಳೇ ಸಂಜೆ ಕಾಡುದಾರಿಯಲ್ಲಿ ಬರುವುದು ಬೇಡ ಎಂದು ಮನೆಯವರು ಬಿಡಿಸಿದರು. ನನಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದೆ, ಆಗ ಅವಳು ಒಬ್ಬಳೇ ಆದಳು. 1987ರಲ್ಲಿ ಪರೀಕ್ಷೆಗೆ ಕೂತವಳು ನಾನೊಬ್ಬಳೇ.

ಇರಲಿ, ತೂಕದ ವಿಷಯಕ್ಕೆ ಬರುತ್ತೇನೆ.

1995ರಲ್ಲಿ ನನಗೆ ಕೆಲಸ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಯ ಒಂದು ಏಕೋಪಾಧ್ಯಾಯ ಶಾಲೆ. ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕಿತ್ತು. ಆಗ ನನ್ನ ತೂಕ 52 ಕೆ.ಜಿ. 2004ರಲ್ಲಿ ಸಾಗರ ತಾಲ್ಲೂಕಿಗೆ ವರ್ಗವಾಯಿತು. ತಾಳಗುಪ್ಪದ ಕಡೆ, ಶಾಲೆಯ ಬಾಗಿಲಲ್ಲೇ ಬಸ್ಸು. ಅಲ್ಲಿನ ಜನ 'ಅಕ್ಕೋರೆ' ಎಂದು ಕರೆದು ಪ್ರೀತಿಯಿಂದ ಕೂರಿಸಿ ಕಡುಬು, ಹೋಳಿಗೆ ಹಾಕುವವರು. ಅಲ್ಲಿಂದ ಹೊರಡುವಾಗ 66 ಆಗಿತ್ತು. 2011ರಲ್ಲಿ ಹೊಸನಗರ ತಾಲ್ಲೂಕಿಗೆ, ನಮ್ಮ ಮನೆಯಿಂದ ಆರು ಕಿಲೋಮೀಟರ್ ದೂರದ ಶಾಲೆಗೆ ಬಂದೆ. ದಿನಾ ಬೆಳಿಗ್ಗೆ ನಮ್ಮನೆಯವರ ಸ್ಕೂಟರಿನ ಹಿಂದೆ ಕೂತು ಹೋಗುವುದು, ಸಂಜೆ ಕೂತು ಬರುವುದು. 2018ಕ್ಕೆ 78 ಕೆ.ಜಿ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಒಂದು ವರ್ಷಕ್ಕೆ ಒಂದು ಕೆ.ಜಿ. ಏರಿದರೆ ಯಾರಿಗೂ ಗೊತ್ತಾಗುವುದಿಲ್ಲ, ರವಿಕೆ ಹೊಲಿಯುವವರಿಗೆ ಮಾತ್ರ ಗೊತ್ತಾಗುತ್ತದೆ.

ದಪ್ಪಗಾದದ್ದರ ಬಗ್ಗೆ ನನಗೆ ನಾಚಿಕೆಯೇನೂ ಇರಲಿಲ್ಲ. ಹೆದರಿಕೆ ಹುಟ್ಟಿದ್ದು ನನ್ನ ಅಮ್ಮನನ್ನು ನೋಡಿ. ಅಮ್ಮ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿದವಳು, ದಿನವಿಡೀ ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿದವಳು. ಐವತ್ತೈದರ ಮೇಲೆ ಮೈಗೆ ಕೆಲಸ ಇಲ್ಲದಾಯಿತು, ಊಟ ಮಾತ್ರ ಹೊರೆ ಹೊರುವ ಕಾಲದ್ದೇ ಉಳಿಯಿತು. ಸಕ್ಕರೆ ಕಾಯಿಲೆ ಬಂದದ್ದು ಗೊತ್ತಾಗಿದ್ದೇ ತಡವಾಗಿ. ಕಾಲಿಗೆ ಚುಚ್ಚಿದ ಮುಳ್ಳು ಅವಳಿಗೆ ಗೊತ್ತಾಗಲಿಲ್ಲ. ಈ ಕಾಯಿಲೆ ಪಾದದ ನರಗಳನ್ನು ಜೋಮು ಹಿಡಿಸುತ್ತದೆ, ಗಾಯ ಆದರೂ ನೋವಾಗುವುದಿಲ್ಲ. ಹುಣ್ಣು ಮೇಲೇರಿ, ಕೊನೆಗೆ ಬಲಗಾಲನ್ನು ಮೀನಖಂಡದ ಹತ್ತಿರ ತೆಗೆದರು. ರಾತ್ರಿ ಎದ್ದು ಕೂತು, "ಮಗಾ, ಹೆಬ್ಬೆರಳು ಕಡೀತದೆ, ಸ್ವಲ್ಪ ಕೆರೀತೀಯಾ" ಅನ್ನುತ್ತಿದ್ದಳು. ಕೆರೆಯಲು ಅಲ್ಲಿ ಬೆರಳಿರಲಿಲ್ಲ. ನಾನು ಚಾದರವನ್ನೇ ಕೆರೆಯುತ್ತಿದ್ದೆ. 2016ರಲ್ಲಿ ಅಮ್ಮ ಹೋದಳು.

ಎರಡು ವರ್ಷ ಕಳೆದು ಮೊಣಕಾಲು ನೋವೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಬರೆದರು. ಬರಿಹೊಟ್ಟೆಯ ಸಕ್ಕರೆ 118 ಬಂತು. ನೂರರ ಒಳಗಿದ್ದರೆ ಸರಿ, 126 ಮುಟ್ಟಿದರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2, ಅದು 6.5 ಆದರೆ ಕಾಯಿಲೆ. "ಹೊಸ್ತಿಲ ಮೇಲೆ ನಿಂತಿದ್ದೀರಿ ಟೀಚರೇ, ಒಳಗೆ ಇನ್ನೂ ಕಾಲಿಟ್ಟಿಲ್ಲ" ಅಂದರು ಡಾಕ್ಟರು. ನನ್ನ ಎತ್ತರ ಐದಡಿ ಎರಡಿಂಚು. ನಮ್ಮ ದೇಶದವರಿಗೆ ಹಾಕಿರುವ ಲೆಕ್ಕದ ಪ್ರಕಾರ 57 ಕೆ.ಜಿ.ಯ ಒಳಗಿದ್ದರೆ ಒಳ್ಳೆಯದು, 62 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಮೀರಬಾರದು. ನನ್ನದು 98. ತೂಕಕ್ಕಿಂತ ಈ ಹೊಟ್ಟೆಯ ಬೊಜ್ಜೇ ಹೆಚ್ಚು ಅಪಾಯ ಎಂದು ಅವರು ಬಿಡಿಸಿ ಹೇಳಿದರು.

ನಡೆಯಿರಿ ಅಂದರು. ನಡೆದೆ. ಒಂದು ವಾರಕ್ಕೆ ಮೊಣಕಾಲು ಊದಿತು. ನಮ್ಮ ಮಲೆನಾಡಿನಲ್ಲಿ ಸಮತಟ್ಟಾದ ದಾರಿ ಎಲ್ಲಿದೆ? ಇಳಿಜಾರಿನಲ್ಲಿ 78 ಕೆ.ಜಿ. ಭಾರ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಬೀಳುತ್ತದೆ. ಮತ್ತೆ ಹೋದಾಗ ಡಾಕ್ಟರು ಹೇಳಿದರು: "ಹಾಗಾದ್ರೆ ಸೈಕಲ್ ಹೊಡೀರಿ. ಮೈಭಾರ ಸೀಟಿನ ಮೇಲೆ ಇರ್ತದೆ, ಮಂಡಿಗೆ ಹಗುರ." ನನಗೆ ಬರುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೂಂ ಎಂದು ಬಂದೆ.

ನಮ್ಮ ಕೊಟ್ಟಿಗೆಯಲ್ಲಿ ಒಂದು ಸೈಕಲ್ಲಿತ್ತು. ಸರ್ಕಾರದ್ದು. ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು 2006-07ರಲ್ಲಿ ಶುರು ಮಾಡಿದ್ದು ನಿಮಗೆಲ್ಲ ನೆನಪಿದೆ. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಕೊಟ್ಟರು. ನನ್ನ ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ, 2012ರಲ್ಲಿ, ಇದೇ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳಲ್ಲಿ ಒಂದು ಅವಳಿಗೆ ಬಂತು. ಅವಳು ಅದನ್ನು ಹೊಡೆದುಕೊಂಡು ಮನೆಗೆ ಬಂದ ದಿನ ನಾನು ಅಡಿಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಮೂರು ವರ್ಷ ಅದರಲ್ಲೇ ಶಾಲೆಗೆ ಬಂದಳು, ಆಮೇಲೆ ಶಿವಮೊಗ್ಗಕ್ಕೆ ಕಾಲೇಜಿಗೆ ಹೋದಳು. ಸೈಕಲ್ಲಿನ ಮೇಲೆ ಹಳೆಯ ಗೋಣಿಚೀಲ ಕೂತಿತು, ಅದರ ಮೇಲೆ ಕೋಳಿ ಕೂತಿತು.

2018ರ ದಸರಾ ರಜೆಗೆ ಮಗಳು ಬಂದಾಗ, ಬೇರೆ ಯಾರಿಗೂ ಕೇಳದ ಹಾಗೆ, "ನಂಗೆ ಕಲಿಸ್ತೀಯೇನೆ" ಅಂದೆ. ಅವಳು ನಗಲಿಲ್ಲ. ಗೋಣಿ ತೆಗೆದು, ಟ್ಯೂಬು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟಳು. ನಮ್ಮೂರಲ್ಲಿ ಸಮತಟ್ಟಾದ ಜಾಗ ಒಂದೇ, ಈ ಮೈದಾನ. ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಬೆಳಗಿನ ಐದೂವರೆಗೆ, ಮಂಜಿನಲ್ಲಿ, ಕಳ್ಳರ ಹಾಗೆ ಬಂದೆವು. ಮಗಳೊಬ್ಬಳಿಗೆ ನನ್ನ ಭಾರ ಹಿಡಿಯಲಾಗಲಿಲ್ಲ. ಎರಡನೇ ದಿನ ಕೆಳಮನೆಯ ಗೆಳತಿಯನ್ನು ಕರೆದೆ. ಹೌದು, ಅದೇ ಗೆಳತಿ. ಅವಳನ್ನು ಕೊಟ್ಟ ಮನೆಯೂ, ನನ್ನನ್ನು ಕೊಟ್ಟ ಮನೆಯೂ ಇದೇ ಹೋಬಳಿಯಲ್ಲಿ. ಅವಳು ಸೀರೆ ಎತ್ತಿ ಕಟ್ಟಿ, ಕ್ಯಾರಿಯರ್ ಹಿಡಿದು, ನನ್ನ ಹಿಂದೆ ಓಡಿದಳು. ಮುಂದೆ ನಿಂತ ಮಗಳು "ಅಮ್ಮಾ, ಚಕ್ರ ನೋಡ್ಬೇಡ, ಆ ಧ್ವಜದ ಕಂಬ ನೋಡು" ಎಂದು ಕೂಗುವುದು, ಹಿಂದಿನಿಂದ ಇವಳು "ಹಾಳಾದ್ದೆ, ನಾ ಹಿಡ್ಕಂಡಿದೀನಿ, ತುಳಿಯೆ!" ಎನ್ನುವುದು. ಆರನೇ ದಿನ ಮೈದಾನದ ಅರ್ಧ ಸುತ್ತು ಹೋದ ಮೇಲೆ ಗೆಳತಿಯ ದನಿ ದೂರದಿಂದ ಕೇಳಿತು. ಅವಳು ಕೈ ಬಿಟ್ಟು ಬಹಳ ಹೊತ್ತಾಗಿತ್ತು. ಅದು ಗೊತ್ತಾದ ಕೂಡಲೇ ಬಿದ್ದೆ, ಅದು ಬೇರೆ ಮಾತು.

ರಸ್ತೆಗಿಳಿದ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿದ್ದು ಮಾತು. "ಸ್ಕೂಟರ್ ಮಾರಿದ್ರಾ ಟೀಚರೇ?" "ಸಂಬಳ ಬಂದಿಲ್ವಾ?" "ಈ ವಯಸ್ಸಲ್ಲಿ ಸೊಂಟ ಮುರ್ಕಂಡ್ರೆ ಯಾರು ನೋಡ್ತಾರೆ?" ನಮ್ಮ ಸೀಮೆಯಲ್ಲಿ ಸೈಕಲ್ಲು ಬಡವರದ್ದು, ಹುಡುಗರದ್ದು ಎಂದಾಗಿಬಿಟ್ಟಿದೆ. ಅಡಿಕೆಗೆ ಬೆಲೆ ಬಂತು, ಬೈಕು ಬಂತು, ಅಪ್ಪಂದಿರ ಸೈಕಲ್ಲು ಗುಜರಿಗೆ ಹೋಯಿತು. ದೇಶದ ಕಥೆಯೂ ಅಷ್ಟೇ. ಜೂನ್ 3ನ್ನು ವಿಶ್ವ ಸೈಕಲ್ ದಿನ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2018ರಲ್ಲಿ. ಎರಡೇ ವರ್ಷಕ್ಕೆ, 2020ರಲ್ಲಿ, ಅದೇ ದಿನ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. ನಮ್ಮ ಅಪ್ಪಂದಿರ ಕಾಲದಲ್ಲಿ ಮನೆಮನೆಯಲ್ಲಿ ಇದ್ದ ಹೆಸರು ಅದು.

ಮಾತುಗಳಿಗೆ ಕೊನೆ ಹಾಡಿದವರು ನನ್ನ ಶಾಲೆಯ ಮಕ್ಕಳು. ಮೊದಲ ದಿನ ಶಾಲೆಯ ತಿರುವಿನಲ್ಲಿ ನನ್ನನ್ನು ಕಂಡು "ಟೀಚರ್ ಸೈಕಲ್ ಹೊಡೀತಾರೆ!" ಎಂದು ಕಿರುಚಿ, ಗೇಟಿನವರೆಗೂ ಹಿಂದೆಯೇ ಓಡಿಬಂದರು. ಮಕ್ಕಳು ಒಪ್ಪಿದ ಮೇಲೆ ಊರು ಒಪ್ಪಲೇಬೇಕು.

ಈಗ ನೀವೆಲ್ಲ ಕಾಯುತ್ತಿರುವ ವಿಷಯ. ಸೈಕಲ್ ಹೊಡೆದ ಮೊದಲ ಮೂರು ತಿಂಗಳಲ್ಲಿ ನಾನು ಎಷ್ಟು ಇಳಿದೆ? ಒಂದು ಕೆ.ಜಿ. 78 ಇದ್ದದ್ದು 77. ಬೇಜಾರಾಗಿ ಸೈಕಲ್ಲನ್ನು ಮತ್ತೆ ಕೊಟ್ಟಿಗೆಗೆ ಹಾಕುವವಳಿದ್ದೆ. ಆಮೇಲೆ ಕೂತು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ನನಗೇ ಹೇಳಿಕೊಂಡೆ. ನನ್ನ ತೂಕದವರು ಒಂದು ಗಂಟೆ ನಿಧಾನವಾಗಿ ಸೈಕಲ್ ಹೊಡೆದರೆ ಸುಮಾರು 300-350 ಕ್ಯಾಲೊರಿ ಖರ್ಚು. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಇರುವುದು ಸುಮಾರು 7,700 ಕ್ಯಾಲೊರಿ. ಅಂದರೆ ತಿನ್ನುವುದು ಒಂದು ಚೂರೂ ಹೆಚ್ಚಾಗದೆ ಇದ್ದರೆ, ಇಪ್ಪತ್ತೆರಡು-ಇಪ್ಪತ್ತೈದು ದಿನಕ್ಕೆ ಒಂದು ಕೆ.ಜಿ. ಇಳಿಯಬೇಕು. ಆದರೆ ನನಗೆ ಸೈಕಲ್ ಹೊಡೆದು ಹಸಿವು ಹೆಚ್ಚಾಗಿತ್ತು. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ ತಿನ್ನುವವಳು ಮೂರು ತಿನ್ನುತ್ತಿದ್ದೆ. ಸೈಕಲ್ ಹೊಡೆದಿದ್ದೇನಲ್ಲ ಎನ್ನುವ ಧೈರ್ಯದಲ್ಲಿ ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ. ಗಂಟೆ ಹೊತ್ತು ತುಳಿದದ್ದನ್ನು ಒಂದು ಹೋಳಿಗೆ, ಅದರ ಮೇಲಿನ ತುಪ್ಪ ತೀರಿಸಿಬಿಡುತ್ತಿದ್ದವು.

ಇನ್ನೊಂದು ಲೆಕ್ಕ ಕೇಳಿ. ದಿನಕ್ಕೆ ಐದು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ. ಎರಡು ಚಮಚ ಅಂದರೆ ಹತ್ತು ಗ್ರಾಂ. ದಿನಕ್ಕೆ ಐವತ್ತು ಗ್ರಾಂ, ತಿಂಗಳಿಗೆ ಒಂದೂವರೆ ಕೆ.ಜಿ. ಸಕ್ಕರೆ. ಬರೀ ಚಹಾದಲ್ಲಿ! ತಿಂಗಳ ಕೊನೆಗೆ ಒಂದೂವರೆ ಕೆ.ಜಿ. ಸಕ್ಕರೆಯನ್ನು ತಟ್ಟೆಯಲ್ಲಿ ಸುರಿದು ಮುಂದಿಟ್ಟರೆ ಯಾರಾದರೂ ತಿನ್ನುತ್ತೀರಾ?

ಹಾಗಾಗಿ ನಾನು ಮಾಡಿದ್ದು ಮೂರೇ ಕೆಲಸ. ಚಹಾ ಎರಡಕ್ಕೆ ಇಳಿಸಿ ಸಕ್ಕರೆ ಬಿಟ್ಟೆ. ಮೊದಲ ಹದಿನೈದು ದಿನ ಕಷಾಯ ಕುಡಿದ ಹಾಗಾಯಿತು, ಆಮೇಲೆ ರೂಢಿಯಾಯಿತು. ಮಧ್ಯಾಹ್ನ ಅನ್ನವನ್ನು ಒಂದೇ ಸಲ ಬಡಿಸಿಕೊಂಡು, ಪಲ್ಯ, ಸೊಪ್ಪು, ಕಾಳನ್ನು ಎರಡು ಪಾಲು ಮಾಡಿದೆ. ರಾತ್ರಿ ಎಂಟರೊಳಗೆ ಊಟ ಮುಗಿಸಿದೆ. ಹಬ್ಬದ ದಿನ ಹಬ್ಬದೂಟ ಉಂಡೆ, ಪತ್ರೊಡೆ ಬಿಡಲಿಲ್ಲ. ಆದರೆ ಹಬ್ಬ ಒಂದೇ ದಿನಕ್ಕೆ ಮುಗಿಯುವ ಹಾಗೆ ನೋಡಿಕೊಂಡೆ. ನಮ್ಮ ಮನೆಗಳಲ್ಲಿ ಹಬ್ಬ ಡಬ್ಬಿಯಲ್ಲಿ ಒಂದು ವಾರ ಉಳಿಯುತ್ತದೆ ನೋಡಿ, ಅದು ಅಪಾಯ. ವರ್ಷ ಕಳೆಯುವಷ್ಟರಲ್ಲಿ 71ಕ್ಕೆ ಬಂದೆ.

2020ರಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. ಆ ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಬದಲು ಶಿಕ್ಷಕರೇ ಮಕ್ಕಳ ಕೇರಿಗೆ ಹೋಗಬೇಕು, ಜಗಲಿಯಲ್ಲಿ, ದೇವಸ್ಥಾನದ ಪೌಳಿಯಲ್ಲಿ ವಠಾರ ಶಾಲೆ. ನಮ್ಮ ಕಡೆ ಮನೆಗಳು ಗೊತ್ತಲ್ಲ, ಒಂದು ಗುಡ್ಡಕ್ಕೆ ಒಂದು ಮನೆ. ಬಸ್ಸು ಸರಿಯಾಗಿ ಇರಲಿಲ್ಲ. ಆಗ ಸೈಕಲ್ಲು ನನ್ನ ವ್ಯಾಯಾಮ ಆಗಿ ಉಳಿಯಲಿಲ್ಲ, ನನ್ನ ಕಾಲೇ ಆಯಿತು. ಕ್ಯಾರಿಯರಿನಲ್ಲಿ ಪ್ಲಾಸ್ಟಿಕ್ ಸುತ್ತಿದ ನಲಿಕಲಿ ಕಾರ್ಡುಗಳು, ಮೈಮೇಲೆ ರೈನ್‌ಕೋಟು. ಒಂದು ದಿನ ಒಂದು ಮನೆಯ ಅಜ್ಜಿ, ತಾನು ಹುಟ್ಟಿದ ಮೇಲೆ ಹೆಂಗಸೊಬ್ಬಳು ಈ ದಿಬ್ಬವನ್ನು ಸೈಕಲ್ಲಿನಲ್ಲಿ ಹತ್ತಿದ್ದು ನೋಡಿರಲಿಲ್ಲ ಅಂದರು. ಹತ್ತಿಲ್ಲ ಅಜ್ಜಿ, ದಬ್ಬಿಕೊಂಡು ಬಂದೆ ಅಂದೆ. ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು. ಅಷ್ಟರಲ್ಲಿ ನನ್ನ ತೂಕ 66ಕ್ಕೆ ಇಳಿದಿತ್ತು. ಇಳಿದದ್ದು ನಾನು ಗಮನಿಸಿಯೇ ಇರಲಿಲ್ಲ. ಕೆಲಸಕ್ಕೆ ಹೋಗುವ ದಾರಿಯೇ ವ್ಯಾಯಾಮವಾದರೆ ಅದಕ್ಕಾಗಿ ಬೇರೆ ಮನಸ್ಸು ಗಟ್ಟಿ ಮಾಡಬೇಕಾಗಿಲ್ಲ. ನಾನು ಕಲಿತ ದೊಡ್ಡ ಪಾಠ ಅದು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರು ಕಿಲೋಮೀಟರ್ ಶಾಲೆಗೆ ಹೋಗಿ ಬಂದರೆ ನನಗೆ ದಿನಕ್ಕೆ ಒಂದು ಗಂಟೆ. ಮೂರು ದಿನಕ್ಕೇ ವಾರದ ಲೆಕ್ಕ ಮುಗಿಯಿತು.

ಎಲ್ಲ ಇಳಿತವೇ ಎಂದು ಹೇಳಿದರೆ ಸುಳ್ಳಾಗುತ್ತದೆ. 2021ರಲ್ಲಿ ನನಗೂ ಕೊರೊನಾ ಬಂತು, ಮೂರು ತಿಂಗಳು ಸೈಕಲ್ ಮುಟ್ಟಲಿಲ್ಲ, 69 ಆಯಿತು. ಈಗಲೂ ಆರಿದ್ರೆಯಿಂದ ಆಶ್ಲೇಷದವರೆಗೆ ಮಳೆ ಬಿಡದೆ ಹೊಡೆಯುವಾಗ ಎರಡು ಕೆ.ಜಿ. ಏರುತ್ತದೆ, ಮಳೆ ಬಿಟ್ಟ ಮೇಲೆ ಇಳಿಯುತ್ತದೆ. ಇವತ್ತು ನನಗೆ 53 ವರ್ಷ, ತೂಕ 65. ಪುಸ್ತಕದ ಲೆಕ್ಕದಲ್ಲಿ ಇನ್ನೂ ಜಾಸ್ತಿಯೇ. ಸೊಂಟ 98ರಿಂದ 84ಕ್ಕೆ ಬಂದಿದೆ. ಬರಿಹೊಟ್ಟೆಯ ಸಕ್ಕರೆ 96, ಎಚ್‌ಬಿಎ1ಸಿ 5.6. ಹೊಸ್ತಿಲಿನಿಂದ ಅಂಗಳಕ್ಕೆ ಇಳಿದಿದ್ದೇನೆ. ಒಳಗೆ ಎಂದೂ ಹೋಗುವುದಿಲ್ಲ ಎಂದು ಹೇಳಲಾರೆ, ಅಮ್ಮನ ರಕ್ತ ನನ್ನಲ್ಲಿದೆ. ಆದರೆ ಬಾಗಿಲು ತಟ್ಟಿಕೊಂಡು ನಾನಾಗಿ ಹೋಗುವುದಿಲ್ಲ.

ಶುರು ಮಾಡಬೇಕೆನ್ನುವವರಿಗೆ ನಾನು ಬಿದ್ದು ಕಲಿತ ನಾಲ್ಕು ಮಾತು.

ಮೊದಲನೆಯದು, ನಲವತ್ತು ದಾಟಿದವರು ಒಮ್ಮೆ ಡಾಕ್ಟರಿಗೆ ತೋರಿಸಿ ಶುರು ಮಾಡಿ. ಎದೆ ಬಿಗಿತ, ಎಡಗೈಗೆ ಇಳಿಯುವ ನೋವು, ತಲೆಸುತ್ತು ಬಂದರೆ ಗ್ಯಾಸು ಎಂದು ಸೋಡಾ ಕುಡಿಯಬೇಡಿ, ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳಿ. ಸ್ನಾಯು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಒಮ್ಮೊಮ್ಮೆ ಅದು ತೀರಾ ಇಳಿದುಬಿಡಬಹುದು.

ಎರಡನೆಯದು ಸೀಟಿನ ಎತ್ತರ. ಕಾಲು ನೆಲಕ್ಕೆ ಸಿಗಲಿ ಎಂದು ನಾನು ಸೀಟನ್ನು ತಗ್ಗಿಸಿ ಇಟ್ಟಿದ್ದೆ, ಮತ್ತೆ ಮಂಡಿ ನೋವು ಬಂತು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗುತ್ತದೆ. ಹೆದರಿಕೆ ಇದ್ದವರು ವಾರಕ್ಕೆ ಒಂದೊಂದು ಬೆರಳಿನಷ್ಟು ಏರಿಸಿ.

ಮೂರನೆಯದು, ಏರಿನಲ್ಲಿ ಇಳಿದು ದಬ್ಬುವುದು ಅವಮಾನವಲ್ಲ. ನಮ್ಮ ಊರಿನ ಏರುಗಳನ್ನು ಗೇರಿಲ್ಲದ ಸೈಕಲ್ಲಿನಲ್ಲಿ ಹತ್ತುವ ಹಟ ಬೇಡ, ದಬ್ಬಿಕೊಂಡು ನಡೆಯುವುದೂ ವ್ಯಾಯಾಮವೇ. ಇಳಿಜಾರಿನಲ್ಲಿ ಮಾತ್ರ ಹುಷಾರು. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಬ್ರೇಕು ತಡವಾಗಿ ಹಿಡಿಯುತ್ತದೆ. ಪಾಚಿಗಟ್ಟಿದ ತಿರುವಿನಲ್ಲಿ ಟೆಂಪೋಗೆ ದಾರಿ ಬಿಡಲು ಹೋಗಿ ನಾನು ಚರಂಡಿಯಲ್ಲಿ ಮಲಗಿದ್ದೇನೆ. ಹೆಲ್ಮೆಟ್ಟು, ಹಿಂದೆ ಕೆಂಪು ದೀಪ ಇರಲಿ.

ನಾಲ್ಕನೆಯದು ನನ್ನ ವಯಸ್ಸಿನ ಹೆಂಗಸರಿಗೆ. ಮುಟ್ಟು ನಿಲ್ಲುವ ಕಾಲದಲ್ಲಿ ಹೊಟ್ಟೆ ಸುತ್ತ ಬೊಜ್ಜು ಸೇರುತ್ತದೆ, ಮೂಳೆ ಸವೆಯುತ್ತದೆ. ಸೈಕಲ್ಲು ಹೃದಯಕ್ಕೆ, ಸಕ್ಕರೆಗೆ, ಮಂಡಿಗೆ ಒಳ್ಳೆಯದು. ಆದರೆ ಭಾರ ಸೀಟಿನ ಮೇಲಿರುವುದರಿಂದ ಮೂಳೆಗೆ ಅಷ್ಟು ಪ್ರಯೋಜನವಿಲ್ಲ. ಅದಕ್ಕೆ ನಡಿಗೆ, ಮೆಟ್ಟಿಲು, ನೀರಿನ ಕೊಡ ಎತ್ತುವಂಥ ಕೆಲಸ ಬೇಕು. ಇದನ್ನು ಗಂಡಸರ ಮುಂದೆ ಹೇಳಲು ಯಾಕೆ ನಾಚಿಕೆ? ಅವರ ಮನೆಯಲ್ಲೂ ಹೆಂಗಸರಿದ್ದಾರೆ.

ನನ್ನದೇನೂ ಹೊಸ ಸಾಹಸವಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅದಕ್ಕೆ ಬೆನ್ನಿಗೆ ನಿಂತರು. ಕೂಲಿಯವರು, ಕಲ್ಲು ಗಣಿಯ ಹೆಂಗಸರು, ಅಂಗನವಾಡಿಯವರು, ಶಿಕ್ಷಕಿಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರೆದಿದ್ದಾರೆ. ಅಲ್ಲಿಯವರು ತೂಕ ಇಳಿಸಲು ಕಲಿತದ್ದಲ್ಲ. ಬಸ್ಸಿಗೆ, ಗಂಡನಿಗೆ, ಅಣ್ಣನಿಗೆ ಕಾಯದೆ ತಮ್ಮ ಕೆಲಸಕ್ಕೆ ತಾವು ಹೋಗಲು ಕಲಿತರು. ನನಗೂ ಈಗ ಅನಿಸುವುದು ಅದೇ. ಹದಿಮೂರು ಕೆ.ಜಿ. ಇಳಿದದ್ದು ಸಣ್ಣ ಲಾಭ. ಕಳೆದ ವರ್ಷ ಡಿಸೆಂಬರಿನಲ್ಲಿ ಮಗಳೂ ನಾನೂ ಹೊಸನಗರದಿಂದ ತೀರ್ಥಹಳ್ಳಿಗೆ ಸೈಕಲ್ಲಿನಲ್ಲೇ ಹೋದೆವು. ಬೆಳಿಗ್ಗೆ ಹೊರಟವರು ಅಲ್ಲಲ್ಲಿ ಕೂತು, ದಬ್ಬಿ, ಮಧ್ಯಾಹ್ನ ತುಂಗೆಯ ದಡ ಮುಟ್ಟಿದೆವು. ನೀರಿಗೆ ಕಾಲು ಇಳಿಬಿಟ್ಟು ಕೂತಾಗ ನನ್ನ ಎರಡು ಪಾದಗಳನ್ನು ಬಹಳ ಹೊತ್ತು ನೋಡಿದೆ. ಸಂಜೆ ಸೈಕಲ್ಲುಗಳನ್ನು ಬಸ್ಸಿನ ಟಾಪಿಗೆ ಏರಿಸಿ ಮನೆಗೆ ಬಂದೆವು.

ಕೊನೆಯದಾಗಿ ಒಂದು ಬೇಡಿಕೆ. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಕಟ್ಟಡ, ಬೆಂಚು, ಕಂಪ್ಯೂಟರು ಕೊಟ್ಟಿದ್ದೀರಿ, ಸಂತೋಷ. ಇನ್ನೊಂದು ಕೊಡುಗೆ ಉಂಟು, ಅದಕ್ಕೆ ದುಡ್ಡು ಬೇಡ. ಈ ಊರಿನ ಎಷ್ಟೋ ಕೊಟ್ಟಿಗೆಗಳಲ್ಲಿ ಸರ್ಕಾರ ಕೊಟ್ಟ ಸೈಕಲ್ಲುಗಳು ತುಕ್ಕು ಹಿಡಿಯುತ್ತಿವೆ. ಮಕ್ಕಳು ಓದು ಮುಗಿಸಿ ಊರು ಬಿಟ್ಟಿದ್ದಾರೆ. ಗುಜರಿಗೆ ಹಾಕಬೇಡಿ, ಇಲ್ಲಿಗೆ ತನ್ನಿ. ಟ್ಯೂಬು, ಬ್ರೇಕಿನ ಖರ್ಚು ನನ್ನದು. ಮುಖ್ಯೋಪಾಧ್ಯಾಯರು ಭಾನುವಾರ ಬೆಳಿಗ್ಗೆ ಮೈದಾನ ಬಿಟ್ಟುಕೊಡಲು ಒಪ್ಪಿದ್ದಾರೆ.

ಮೊದಲನೆಯ ಹೆಸರನ್ನು ನಾನೇ ಬರೆದುಕೊಂಡಿದ್ದೇನೆ. ನನ್ನ ಕೆಳಮನೆಯ ಗೆಳತಿ ಅಲ್ಲಿ ಹಿಂದೆ, ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಾಳೆ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿಲ್ಲ ಎಂದು. ಅವಳಿಗೆ ಎರಡು ವರ್ಷದಿಂದ ಸಕ್ಕರೆ ಮಾತ್ರೆ ನಡೆಯುತ್ತಿದೆ. ನನ್ನನ್ನು ಹಿಡಿದು ಓಡಿದವಳು ತಾನು ಒಂದು ದಿನವೂ ಸೀಟಿನ ಮೇಲೆ ಕೂತಿಲ್ಲ, "ನಂಗೆಂತಕ್ಕೆ ಮಾರಾಯ್ತಿ" ಅನ್ನುತ್ತಾಳೆ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಬಾರೆ. ಧ್ವಜದ ಕಂಬ ನೋಡಿಕೊಂಡು ತುಳಿ. ಈ ಸಲ ಕ್ಯಾರಿಯರ್ ಹಿಡಿಯುವ ಸರದಿ ನನ್ನದು.